ಹಾಲಿನ ದುಡ್ಡಿನ ಕಾರು: ಬಾನೆಟ್ ನಾವೂ ತೆಗೆಯೋಣ



ಪತ್ರಿಕೆಯ ಈ ಪುಟದಲ್ಲಿ ಸಾಮಾನ್ಯವಾಗಿ ಮೇವು, ಕರು ಸಾಕಣೆ, ಕೆಚ್ಚಲು ಬಾವಿನ ಮಾತು ಬರುತ್ತದೆ. ಈ ಸಲ ನಾನು ಕಾರಿನ ಇಂಜಿನ್ ಬಗ್ಗೆ ಬರೆಯುತ್ತಿದ್ದೇನೆ. ಇದೇನು ನಮಗೆ ಸಂಬಂಧವಿಲ್ಲದ ವಿಷಯ ಎಂದು ಪುಟ ತಿರುಗಿಸಬೇಡಿ. ನಮ್ಮ ಮನೆಯ ಮೂರು ಹಸುಗಳ ಮೂರು ತಿಂಗಳ ದುಡಿಮೆ ಒಂದು ಮಧ್ಯಾಹ್ನದಲ್ಲಿ ಹೊಗೆಯಾಗಿ ಹೋಯಿತು. ಅದನ್ನು ತಡೆಯಲು ಬೇಕಾಗಿದ್ದದ್ದು ವಾರಕ್ಕೆ ಐದು ನಿಮಿಷ, ಮತ್ತು ಸರಿಯಾದ ಹೊತ್ತಿನಲ್ಲಿ ಗಟ್ಟಿಯಾಗಿ ಹೇಳುವ ಒಂದು ಮಾತು.

ಹೋದ ಬೇಸಿಗೆಯಲ್ಲಿ ಮನೆಯವರೆಲ್ಲ ತಿರುಪತಿಗೆ ಹೋಗಿದ್ದೆವು. ಬೆಳಗಿನ ಹಾಲು ಡೇರಿಗೆ ಹಾಕಿ ಹೊರಟವರು, ಮರುದಿನ ಸಂಜೆ ಹಾಲು ಕರೆಯುವ ಹೊತ್ತಿಗೆ ಊರು ಸೇರಬೇಕೆಂದು ಲೆಕ್ಕ ಹಾಕಿದ್ದೆವು. ಕಾರು ಹಳೆಯದು, ಎರಡನೇ ಕೈಯಿಂದ ಕೊಂಡದ್ದು. ಸಾಲ ನನ್ನ ಹೆಸರಿನಲ್ಲಿದೆ. ಕಂತು ಹೋಗುವುದು ನನ್ನ ಹಾಲಿನ ಬಟವಾಡೆಯಿಂದ. ಓಡಿಸುವವನು ಮೈದುನ.

ವಾಪಸು ಬರುವಾಗ ಚಿತ್ತೂರು, ಬಂಗಾರುಪಾಳ್ಯ ದಾಟಿ ಮೊಗಿಲಿ ಘಾಟ್ ಹತ್ತುತ್ತಿದ್ದೆವು. ಮಧ್ಯಾಹ್ನ ಎರಡು ಗಂಟೆಯ ಬಿಸಿಲು. ಕಾರಿನಲ್ಲಿ ಐದು ಜನ ದೊಡ್ಡವರು, ಇಬ್ಬರು ಮಕ್ಕಳು. ಎ.ಸಿ. ಓಡುತ್ತಿತ್ತು. ನಾನು ಹಿಂದಿನ ಸೀಟಿನ ಮಧ್ಯದಲ್ಲಿ ಕೂತಿದ್ದರಿಂದ ಮುಂದಿನ ಮೀಟರು ಸರಿಯಾಗಿ ಕಾಣುತ್ತಿತ್ತು. ಯಾವಾಗಲೂ ಮಧ್ಯದಲ್ಲಿ ನಿಲ್ಲುವ ಬಿಸಿಯ ಸೂಜಿ ಕೆಂಪು ಗೆರೆಯ ಹತ್ತಿರ ಹೋಗಿತ್ತು.

"ಸೂಜಿ ಮೇಲೆ ಹೋಗಿದೆ, ಸ್ವಲ್ಪ ನಿಲ್ಲಿಸಪ್ಪ" ಎಂದೆ.

"ಘಾಟ್ ಅಲ್ವಾ ಅತ್ತಿಗೆ, ಹಂಗೇ ಇರುತ್ತೆ. ಇನ್ನು ಹತ್ತು ನಿಮಿಷ, ಪಲಮನೇರು ಬಂದೇಬಿಡ್ತು. ಅಲ್ಲಿ ಟೀ ಕುಡಿಯೋಣ" ಎಂದ.

ನಾನು ಸುಮ್ಮನಾದೆ. ಪಲಮನೇರು ಬರಲಿಲ್ಲ. ಎಳೆಯುವ ಶಕ್ತಿ ಕಡಿಮೆಯಾಯಿತು, ಸೈಲೆನ್ಸರಿನಿಂದ ಬಿಳಿ ಹೊಗೆ ಬಂತು, ಬಾನೆಟ್ ಸಂದಿಯಿಂದ ಹಬೆ ಎದ್ದಿತು, ಇಂಜಿನ್ ನಿಂತೇಹೋಯಿತು. ಇನ್ನೊಂದು ಗಾಡಿಗೆ ಕಟ್ಟಿ ಎಳೆಸಿಕೊಂಡು ಮುಳಬಾಗಿಲು ಸೇರುವಾಗ ರಾತ್ರಿ. ಆ ಸಂಜೆಯ ಹಾಲು ಡೇರಿ ಮುಚ್ಚುವುದರೊಳಗೆ ತಲುಪಲಿಲ್ಲ.

ಮಾರನೇ ದಿನ ಮೆಕ್ಯಾನಿಕ್ ಇಂಜಿನ್ ಆಯಿಲ್ ಹಾಕುವ ಮುಚ್ಚಳ ತೆಗೆದು ನನಗೇ ತೋರಿಸಿದರು. ಮುಚ್ಚಳದ ಒಳಗೆ ಗಿಣ್ಣು ಹಾಲಿನಂತೆ ಮಂದವಾದ, ಹಳದಿ ಬಿಳುಪಿನ ಪದಾರ್ಥ ಮೆತ್ತಿಕೊಂಡಿತ್ತು. "ಆಯಿಲ್ ಜೊತೆ ನೀರು ಸೇರಿದೆ ಅಮ್ಮಾ. ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ಡೂ ಸೊಟ್ಟ ಆಗಿರಬೇಕು" ಎಂದರು. ಕೊನೆಗೆ ಬಿಲ್ 32 ಸಾವಿರ ರೂಪಾಯಿ. ಹಿಂಡಿ, ಮೇವು, ಔಷಧಿ ಖರ್ಚು ಕಳೆದು ಕೈಗೆ ಉಳಿಯುವ ಹಣದ ಲೆಕ್ಕದಲ್ಲಿ ಅದು ನನಗೆ ಮೂರು ತಿಂಗಳ ಹಾಲು.

ಮೂಲ ಒಂದು ಚಿಕ್ಕ ಬಿಲ್ಲೆ

ಹೆಡ್ ಬಿಚ್ಚಿದಾಗ ಮೂಲ ಸಿಕ್ಕಿತು. ಇಂಜಿನ್ನಿನ ಹಿಂಭಾಗದಲ್ಲಿ, ಕಣ್ಣಿಗೆ ಸುಲಭವಾಗಿ ಬೀಳದ ಕಡೆ, ಹೆಡ್ಡಿಗೆ ಬಡಿದು ಕೂರಿಸಿದ್ದ ತಗಡಿನ ಬಿಲ್ಲೆಯೊಂದು ಒಳಗಿನಿಂದ ತುಕ್ಕು ತಿಂದು ರಾಗಿಕಾಳಿನಷ್ಟು ತೂತಾಗಿತ್ತು. ಅದರ ಕೆಳಗೆ ಕಂದುಬಣ್ಣದ ಕಲೆ, ಅಂಚಿನಲ್ಲಿ ಬಿಳಿ ಉಪ್ಪು. ಇದನ್ನು ವೆಲ್ಚ್ ಪ್ಲಗ್ ಎನ್ನುತ್ತಾರೆ. ಗ್ಯಾರೇಜುಗಳಲ್ಲಿ ಡಮ್ಮಿ ಎಂದೂ ಕರೆಯುವುದುಂಟು. ಅದರ ಬೆಲೆ ಒಂದೆರಡು ಲೀಟರ್ ಹಾಲಿನ ದುಡ್ಡು.

ಆ ತೂತಿನಿಂದ ಹನಿ ಹನಿಯಾಗಿ ಇಂಜಿನ್ನಿನ ನೀರು ಹೋಗುತ್ತಿತ್ತು. ಬಿಸಿ ಇಂಜಿನ್ನಿನ ಮೇಲೆ ಬಿದ್ದ ಹನಿ ಅಲ್ಲೇ ಆವಿಯಾಗುವುದರಿಂದ ನೆಲದ ಮೇಲೆ ಒದ್ದೆಯೇ ಕಾಣುತ್ತಿರಲಿಲ್ಲ. ಆದರೆ ಬಾನೆಟ್ ಒಳಗಿನ ಬಿಳಿ ಡಬ್ಬಿಯಲ್ಲಿ ನೀರು ಕಡಿಮೆಯಾಗುತ್ತಲೇ ಇತ್ತು. ಎರಡು ತಿಂಗಳಿಂದ ಮೈದುನ ಬೋರ್‌ವೆಲ್ ನೀರನ್ನು ಚೊಂಬಿನಲ್ಲಿ ತಂದು ಸುರಿಯುವುದನ್ನು ನಾನು ಕೊಟ್ಟಿಗೆಯಿಂದಲೇ ನೋಡುತ್ತಿದ್ದೆ. "ಇದು ದಿನಾ ಯಾಕೆ ನೀರು ಕುಡಿಯುತ್ತೆ?" ಎಂದು ಒಂದು ಸಲವೂ ಕೇಳಲಿಲ್ಲ. ಗಾಡಿಯ ವಿಷಯ ಗಂಡಸರದು ಎಂದುಕೊಂಡಿದ್ದೆ.

ಇದೇ ಹಸುವಾಗಿದ್ದರೆ? ಅರ್ಧ ಲೀಟರ್ ಹಾಲು ಕಡಿಮೆಯಾದರೆ ನಮಗೆ ಆ ರಾತ್ರಿ ನಿದ್ದೆ ಬರುವುದಿಲ್ಲ. ಮೆಲುಕು ಹಾಕಿತೇ, ಸಗಣಿ ಹೇಗಿದೆ, ಕೆಚ್ಚಲು ಗಟ್ಟಿಯಾಗಿದೆಯೇ ಎಂದು ಕೈಯಾಡಿಸಿ ನೋಡುತ್ತೇವೆ. ಮೊದಲ ಎರಡು ಧಾರೆ ಕಪ್ಪು ಬಟ್ಟೆಯ ಮೇಲೆ ಕರೆದು ಗರಣೆ ಇದೆಯೇ ಎಂದು ಹುಡುಕುತ್ತೇವೆ. ರೋಗ ದೊಡ್ಡದಾಗುವ ಮೊದಲೇ ಗುರುತು ಹಿಡಿಯುವ ಕಣ್ಣು ನಮಗಿದೆ. ಆ ಕಣ್ಣನ್ನು ಮನೆಯ ಮುಂದೆ ನಿಂತ ಕಾರಿನ ಕಡೆಗೂ ತಿರುಗಿಸಬೇಕು ಎಂಬುದೇ ನನ್ನ ವಾದ.

ಕುಕ್ಕರ್ ಗೊತ್ತಿದ್ದವರಿಗೆ ಇಂಜಿನ್ ಕಷ್ಟವಲ್ಲ

ಇಂಜಿನ್ನಿನ ಕೆಳಭಾಗ ಬ್ಲಾಕ್, ಮೇಲ್ಭಾಗ ಹೆಡ್. ಎರಡರ ನಡುವೆ ಕೂರುವ ತೆಳು ಹಾಳೆಯೇ ಹೆಡ್ ಗ್ಯಾಸ್ಕೆಟ್. ಕುಕ್ಕರಿನ ಪಾತ್ರೆಗೂ ಮುಚ್ಚಳಕ್ಕೂ ನಡುವಿನ ರಬ್ಬರಿನ ಹಾಗೆ. ಕುಕ್ಕರಿನ ಗ್ಯಾಸ್ಕೆಟ್ ಹಬೆಯೊಂದನ್ನೇ ತಡೆದರೆ ಸಾಕು. ಇಲ್ಲಿ ಮೂರನ್ನು ಬೇರೆ ಬೇರೆ ಇಡಬೇಕು: ಉರಿಯುವ ಇಂಧನದ ಒತ್ತಡ, ಹರಿಯುವ ಆಯಿಲ್, ಹರಿಯುವ ನೀರು. ಸಿಲಿಂಡರಿನ ಒಳಗೆ ಇಂಧನ ಹೊತ್ತಿಕೊಂಡ ಕ್ಷಣದಲ್ಲಿ ಬಿಸಿ 2,000 ಡಿಗ್ರಿ ದಾಟುತ್ತದೆ. ಪಕ್ಕದ ಕಾಲುವೆಗಳಲ್ಲಿ ಹರಿಯುವ ಕೂಲೆಂಟ್ ಸುಮಾರು 90 ಡಿಗ್ರಿಯಲ್ಲಿರಬೇಕು. ಇವೆರಡರ ನಡುವಿನ ಗೋಡೆಯ ಕೆಲಸವನ್ನು ಆ ತೆಳು ಹಾಳೆ ಮಾಡುತ್ತದೆ.

ಕುಕ್ಕರಿನ ವೆಯ್ಟ್ ಇದ್ದ ಹಾಗೆ ಇಲ್ಲಿ ರೇಡಿಯೇಟರ್ ಮುಚ್ಚಳ ಇದೆ. ಒಳಗಿನ ನೀರನ್ನು ಒತ್ತಡದಲ್ಲಿ ಹಿಡಿದಿಡುವುದರಿಂದ 100 ಡಿಗ್ರಿ ದಾಟಿದರೂ ಅದು ಕುದಿಯುವುದಿಲ್ಲ. ಮುಚ್ಚಳದ ರಬ್ಬರ್ ಸೀಳಿದರೆ ಅಥವಾ ಎಲ್ಲಾದರೂ ಸೋರಿದರೆ ಒತ್ತಡ ಉಳಿಯದೆ ನೀರು ಬೇಗ ಕುದಿಯುತ್ತದೆ. ಕುದಿದು ಆವಿಯಾದ ಕಡೆ ಲೋಹಕ್ಕೆ ತಂಪು ಸಿಗುವುದಿಲ್ಲ.

ಈಗಿನ ಬಹುತೇಕ ಕಾರುಗಳ ಹೆಡ್ ಅಲ್ಯೂಮಿನಿಯಂನದು. ಅನೇಕ ಇಂಜಿನ್‌ಗಳಲ್ಲಿ ಬ್ಲಾಕ್ ಬೀಡುಕಬ್ಬಿಣದ್ದು. ಒಂದೇ ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಸರಿಯಾದ ಬಿಸಿಯಲ್ಲಿ ಗ್ಯಾಸ್ಕೆಟ್ ಈ ವ್ಯತ್ಯಾಸವನ್ನು ತಾಳಿಕೊಳ್ಳುತ್ತದೆ. ಬಿಸಿ ಮಿತಿ ಮೀರಿದರೆ ಹೆಡ್ ಬಾಗುತ್ತದೆ. ಒಂದು ಕೂದಲೆಳೆಯ ದಪ್ಪದಷ್ಟು ಬಾಗಿದರೂ ಸಾಕು, ಗ್ಯಾಸ್ಕೆಟ್ ಬಿಗಿಯಾಗಿ ಕೂರದೆ ಒಂದರೊಳಗೊಂದು ನುಗ್ಗುತ್ತದೆ. ನಮ್ಮ ಕಾರಿನಲ್ಲಿ ಆದದ್ದು ಇದೇ.

ಹಾಗಾದರೆ ಆ ಬಿಲ್ಲೆಗಳು ಏಕಿವೆ? ಬ್ಲಾಕ್, ಹೆಡ್ ಇವನ್ನು ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಒಳಗಿನ ನೀರಿನ ದಾರಿಗಾಗಿ ಇಟ್ಟ ಮರಳನ್ನು ಆಮೇಲೆ ಹೊರತೆಗೆಯಲು ತೂತುಗಳು ಬೇಕು. ಎರಕವಾದ ಮೇಲೆ ಆ ತೂತುಗಳನ್ನು ಲೋಹದ ಬಿಲ್ಲೆಯಿಂದ ಮುಚ್ಚುತ್ತಾರೆ. ಹಿಮ ಬೀಳುವ ದೇಶಗಳಲ್ಲಿ, ಒಳಗಿನ ನೀರು ಹೆಪ್ಪುಗಟ್ಟಿದರೆ ಬಿಲ್ಲೆ ಹೊರಗೆ ಹಾರಿ ಇಂಜಿನ್ ಉಳಿಸುತ್ತದೆ ಎಂಬ ನಂಬಿಕೆ ಇದೆ. ಅದು ಇರುವುದು ಆ ಕೆಲಸಕ್ಕಲ್ಲ. ಕುಕ್ಕರಿನ ಸೇಫ್ಟಿ ವಾಲ್ವಿನಂತೆಯೂ ಅಲ್ಲ. ನಮ್ಮ ಕೋಲಾರ ಸೀಮೆಯಲ್ಲಿ ಹಿಮವೂ ಇಲ್ಲ. ಇಲ್ಲಿ ಬಿಲ್ಲೆ ಹಾಳಾಗುವುದು ತುಕ್ಕಿನಿಂದ. ಆ ತುಕ್ಕನ್ನು ಬರಿಸುವವರು ನಾವೇ.

ಬೋರ್‌ವೆಲ್ ನೀರಿನ ತಪ್ಪು

ನಮ್ಮ ಕಡೆಯ ಬೋರ್‌ವೆಲ್ ನೀರು ಎಷ್ಟು ಗಡುಸು ಎಂದು ಹೆಂಗಸರಿಗೆ ಹೇಳಿಕೊಡಬೇಕಿಲ್ಲ. ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ಸ್ನಾನದ ಹಂಡೆಯ ಒಳಗೆ ಸುಣ್ಣದ ಪದರ ಕಟ್ಟುತ್ತದೆ. ಇದೇ ನೀರನ್ನು ರೇಡಿಯೇಟರಿಗೆ ಸುರಿದರೆ ಹಂಡೆಯಲ್ಲಿ ಕಟ್ಟುವ ಸುಣ್ಣ ಅಲ್ಲಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಸುಣ್ಣ ಕಟ್ಟಿದ ಹಂಡೆ ಕಾಯಲು ಹೆಚ್ಚು ಸೌದೆ ಬೇಕಾಗುವ ಹಾಗೆ, ಸುಣ್ಣ ಕಟ್ಟಿದ ರೇಡಿಯೇಟರ್ ತನ್ನ ಬಿಸಿಯನ್ನು ಹೊರಗೆ ಬಿಡಲಾರದು.

ಕೂಲೆಂಟ್ ಎಂದರೆ ಬಣ್ಣದ ನೀರು ಎಂದು ನಾನೂ ತಿಳಿದಿದ್ದೆ. ಅದರಲ್ಲಿ ಕುದಿಯುವ ಮಟ್ಟವನ್ನು ಏರಿಸುವ ಗ್ಲೈಕಾಲ್ ಇದೆ, ಜೊತೆಗೆ ತುಕ್ಕು ತಡೆಯುವ ರಾಸಾಯನಿಕಗಳಿವೆ. ನಮ್ಮಂಥ ಬಿಸಿಲು ನಾಡಿಗೆ ಈ ಎರಡನೆಯ ಗುಣವೇ ದೊಡ್ಡದು. ಬರೀ ನೀರು ಸುರಿಯುತ್ತಾ ಹೋದರೆ ಆ ರಾಸಾಯನಿಕಗಳು ತೆಳುವಾಗಿ ಕೆಲಸ ನಿಲ್ಲಿಸುತ್ತವೆ. ಆಗ ತುಕ್ಕಿಗೆ ಮೊದಲು ಸಿಗುವುದು ಆ ತೆಳು ತಗಡಿನ ಬಿಲ್ಲೆಗಳು. ನಾವು ಎರಡು ತಿಂಗಳು ಚೊಂಬಿನಲ್ಲಿ ಸುರಿದದ್ದು ಸೋರಿಕೆಗೆ ಮದ್ದಾಗಲಿಲ್ಲ, ತುಕ್ಕಿಗೆ ಮೇವಾಯಿತು.

ಕೂಲೆಂಟ್ ಎರಡು ತರಹ ಸಿಗುತ್ತದೆ. ಒಂದನ್ನು ಹಾಗೆಯೇ ಸುರಿಯಬಹುದು. ಇನ್ನೊಂದು ಗಟ್ಟಿ, ಅದಕ್ಕೆ ಡಬ್ಬದ ಮೇಲೆ ಬರೆದ ಪ್ರಮಾಣದಲ್ಲಿ, ಸಾಮಾನ್ಯವಾಗಿ ಅರ್ಧಕ್ಕರ್ಧ, ಡಿಸ್ಟಿಲ್ಡ್ ವಾಟರ್ ಬೆರೆಸಬೇಕು. ಬ್ಯಾಟರಿಗೆ ಹಾಕುವ ನೀರೇ ಅದು. ಬಣ್ಣ ಒಂದೇ ಇದ್ದ ಮಾತ್ರಕ್ಕೆ ಎರಡು ಕೂಲೆಂಟ್ ಒಂದೇ ಅಲ್ಲ. ಕಾರಿನ ಕೈಪಿಡಿಯಲ್ಲಿ ಹೇಳಿದ್ದನ್ನೇ ಹಾಕಿ, ಅದರಲ್ಲಿ ಹೇಳಿದ ಅವಧಿಗೆ ಬದಲಾಯಿಸಿ. ದಾರಿಯಲ್ಲಿ ಬೇರೆ ಗತಿಯಿಲ್ಲದಾಗ, ಇಂಜಿನ್ ಪೂರ್ತಿ ತಣ್ಣಗಾದ ಮೇಲೆ, ಕುಡಿಯುವ ನೀರು ಹಾಕಿಕೊಂಡು ಗ್ಯಾರೇಜು ಸೇರುವುದರಲ್ಲಿ ತಪ್ಪಿಲ್ಲ. ಊರು ಸೇರಿದ ಮೇಲೆ ಅದನ್ನು ತೆಗೆಸಿ ಸರಿಯಾದ ಕೂಲೆಂಟ್ ಹಾಕಿಸಿ. ಒಂದು ದಿನದ ಉಪಾಯವನ್ನು ವರ್ಷದ ಪದ್ಧತಿ ಮಾಡಿಕೊಳ್ಳುವುದೇ ತಪ್ಪು.

ಇಲ್ಲೊಂದು ಎಚ್ಚರಿಕೆ. ಕೂಲೆಂಟಿಗೆ ಸಿಹಿ ರುಚಿ ಇರುತ್ತದೆ, ಆದರೆ ಅದು ವಿಷ. ಕರು, ನಾಯಿ, ಬೆಕ್ಕು ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯಬಹುದು. ಮಕ್ಕಳಿಗೂ ಅಪಾಯ. ಅಂಗಳದಲ್ಲಿ ಕೂಲೆಂಟ್ ಇಳಿಸಿದರೆ ಬೋಗುಣಿಯಲ್ಲಿ ಬಿಡಬೇಡಿ, ಚರಂಡಿಗೂ ತಿಪ್ಪೆಗೂ ಚೆಲ್ಲಬೇಡಿ, ಖಾಲಿ ಡಬ್ಬವನ್ನು ಕೊಟ್ಟಿಗೆಯ ಕೆಲಸಕ್ಕೆ ಬಳಸಬೇಡಿ. ಕೂಲೆಂಟ್ ಬದಲಾಯಿಸುವುದನ್ನು ಗ್ಯಾರೇಜಿನಲ್ಲೇ ಮಾಡಿಸುವುದು ಕ್ಷೇಮ.

ವಾರಕ್ಕೆ ಐದು ನಿಮಿಷ

ಈಗ ನಮ್ಮ ಮನೆಯಲ್ಲಿ ಭಾನುವಾರ ಬೆಳಗ್ಗೆ ಹಾಲು ಹಾಕಿ ಬಂದ ಮೇಲೆ, ಕಾರು ಹೊರಡುವ ಮೊದಲು, ಬಾನೆಟ್ ತೆಗೆಯುವವಳು ನಾನು. ಇಂಜಿನ್ ತಣ್ಣಗಿರುವಾಗಲೇ ಇದನ್ನು ಮಾಡಬೇಕು. ನೋಡುವುದು ಇಷ್ಟು:

1. ಕೂಲೆಂಟ್ ಡಬ್ಬಿಯ ಮೇಲಿನ ಎರಡು ಗೆರೆಗಳ ನಡುವೆ ನೀರಿನ ಮಟ್ಟ ಇದೆಯೇ? ಹೋದ ವಾರಕ್ಕಿಂತ ಇಳಿದಿದೆಯೇ? ಪೆನ್ನಿನಲ್ಲಿ ಗುರುತು ಹಾಕಿ, ಕ್ಯಾಲೆಂಡರಿನಲ್ಲಿ ಬರೆದಿಡಿ. ಹಸುವಿಗೆ ಸೂಜಿ ಹಾಕಿಸಿದ ದಿನ ಬರೆದಿಡುವುದಿಲ್ಲವೇ, ಹಾಗೆಯೇ.

2. ಕೂಲೆಂಟಿನ ಬಣ್ಣ ತಿಳಿಯಾಗಿದೆಯೇ? ಕೆಸರಿನಂತೆ ಕಂದಾಗಿದ್ದರೆ ಒಳಗೆ ತುಕ್ಕು ಶುರುವಾಗಿದೆ. ಮೇಲೆ ಎಣ್ಣೆ ತೇಲುತ್ತಿದ್ದರೆ ತಡ ಮಾಡದೆ ಮೆಕ್ಯಾನಿಕ್‌ಗೆ ತೋರಿಸಿ.

3. ಆಯಿಲ್ ಮುಚ್ಚಳದ ಒಳಗೆ ಗಿಣ್ಣಿನಂಥದ್ದು ಮೆತ್ತಿದೆಯೇ? ಮಳೆಗಾಲದಲ್ಲಿ ಹತ್ತಿರಹತ್ತಿರ ಮಾತ್ರ ಓಡುವ ಗಾಡಿಯಲ್ಲಿ ತೇವದಿಂದ ಸ್ವಲ್ಪ ಕಾಣುವುದುಂಟು. ಆಯಿಲ್ ಅಳೆಯುವ ಕಡ್ಡಿಯಲ್ಲೂ ಹಾಗೇ ಇದ್ದರೆ, ಕೂಲೆಂಟೂ ಇಳಿಯುತ್ತಿದ್ದರೆ, ಗಾಡಿ ಓಡಿಸದೆ ಮೆಕ್ಯಾನಿಕ್ ಕರೆಸಿ.

4. ಹೋಸ್ ಪೈಪುಗಳ ಕೊನೆಯಲ್ಲಿ, ಇಂಜಿನ್ನಿನ ಪಕ್ಕ ಮತ್ತು ಹಿಂಭಾಗದಲ್ಲಿ ಬಿಳಿ, ಹಸಿರು, ಗುಲಾಬಿ ಅಥವಾ ತುಕ್ಕಿನ ಕಲೆ ಇಳಿದಿದೆಯೇ? ಮೊಬೈಲಿನ ಟಾರ್ಚ್ ಹಾಕಿ ನೋಡಿ. ಕೈ ಹೋಗದ ಕಡೆ ಮೊಬೈಲನ್ನೇ ಇಳಿಸಿ ಫೋಟೋ ತೆಗೆದರೆ ಕಾಣುತ್ತದೆ.

5. ರೇಡಿಯೇಟರಿನ ಮುಂದೆ ಹುಲ್ಲಿನ ದೂಳು, ಹುಳ, ಕೆಸರು ಕಟ್ಟಿದೆಯೇ? ಗಾಳಿ ಹೋಗದಿದ್ದರೆ ಎಷ್ಟು ಒಳ್ಳೆಯ ಕೂಲೆಂಟ್ ಇದ್ದರೂ ಪ್ರಯೋಜನವಿಲ್ಲ.

ಕೂಲೆಂಟ್ ವ್ಯವಸ್ಥೆ ಮುಚ್ಚಿದ ವ್ಯವಸ್ಥೆ. ಅದು ವಾರವಾರ ನೀರು ಕೇಳಬಾರದು. ಕೇಳಿದರೆ ಎಲ್ಲೋ ಸೋರುತ್ತಿದೆ ಅಥವಾ ಒಳಗೇ ಸುಡುತ್ತಿದೆ ಎಂದರ್ಥ. ಈ ಒಂದು ಮಾತು ನೆನಪಿದ್ದರೆ ಸಾಕು.

"ನಿಲ್ಲಿಸು" ಎನ್ನುವ ಹಕ್ಕು

ಸೋರಿಕೆ ಚಿಕ್ಕದಿದ್ದಾಗ ಖರ್ಚೂ ಚಿಕ್ಕದು. ನಮ್ಮ ಬಿಲ್ ಬೆಳೆದದ್ದು ಘಾಟಿನ ಆ ಹತ್ತು ನಿಮಿಷದಲ್ಲಿ. ಸೂಜಿ ಏರಿದ ಕೂಡಲೇ ನಿಲ್ಲಿಸಿದ್ದರೆ ಹೆಚ್ಚೆಂದರೆ ಒಂದೆರಡು ಗಂಟೆ ತಡವಾಗುತ್ತಿತ್ತು, ಗಾಡಿ ಎಳೆಸುವ ಖರ್ಚು ಬರುತ್ತಿತ್ತು. ಹೆಡ್ ಉಳಿಯುವ ಸಾಧ್ಯತೆ ಬಹಳವಿತ್ತು.

ಆದ್ದರಿಂದ ಕಾರಿನಲ್ಲಿ ಕೂತವರೆಲ್ಲರಿಗೂ ಇದು ಗೊತ್ತಿರಬೇಕು. ಸೂಜಿ ಮಧ್ಯ ದಾಟಿ ಏರತೊಡಗಿದರೆ ಎ.ಸಿ. ಆರಿಸಿ, ಹೀಟರನ್ನು ಪೂರ್ತಿ ಹಾಕಿ, ಕಿಟಕಿ ತೆರೆಯಿರಿ. ಹೀಟರ್ ಇಂಜಿನ್ನಿನ ಬಿಸಿಯನ್ನೇ ಒಳಗೆ ತರುವುದರಿಂದ ನಮಗೆ ಬೆವರು ಹರಿದರೂ ಇಂಜಿನ್ನಿಗೆ ಸ್ವಲ್ಪ ಉಸಿರು ಸಿಗುತ್ತದೆ. ಇದು ರಸ್ತೆ ಪಕ್ಕಕ್ಕೆ ಸೇರುವವರೆಗಿನ ಉಪಾಯ ಮಾತ್ರ. ಕೆಂಪು ಮುಟ್ಟಿದರೆ, ಹಬೆ ಕಂಡರೆ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಇಂಜಿನ್ ಆರಿಸಿ. ಅನೇಕ ಸಣ್ಣ ಕಾರುಗಳಲ್ಲಿ ಈಗ ಸೂಜಿಯೇ ಇಲ್ಲ, ದೀಪ ಮಾತ್ರ. ನೀಲಿ ದೀಪ ಎಂದರೆ ಇಂಜಿನ್ ಇನ್ನೂ ತಣ್ಣಗಿದೆ. ಕೆಂಪು ದೀಪ ಎಂದರೆ ಈಗಲೇ ನಿಲ್ಲಿಸಬೇಕು.

ಏರಿದ ಸೂಜಿ ತಾನಾಗಿ ಇಳಿದರೂ ನೆಮ್ಮದಿ ಬೇಡ. ನೀರು ಪೂರ್ತಿ ಖಾಲಿಯಾದರೆ ಬಿಸಿ ಅಳೆಯುವ ಸಾಧನಕ್ಕೆ ನೀರೇ ತಾಗುವುದಿಲ್ಲ. ಇಂಜಿನ್ ಸುಡುತ್ತಿದ್ದರೂ ಅದು ತಪ್ಪು ತೋರಿಸಬಹುದು.

ನಿಲ್ಲಿಸಿದ ಮೇಲೆ ಎರಡು ಕೆಲಸ ಖಂಡಿತ ಮಾಡಬಾರದು. ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯಬಾರದು. ಒತ್ತಡದಲ್ಲಿರುವ ನೀರು ಮುಖಕ್ಕೇ ಚಿಮ್ಮುತ್ತದೆ. ಹಬೆ ತುಂಬಿದ ಕುಕ್ಕರನ್ನು ಯಾರಾದರೂ ತೆಗೆಯುತ್ತಾರೆಯೇ? ಬಿಸಿ ಇಂಜಿನ್ನಿನ ಮೇಲೆ ಅಥವಾ ಒಳಗೆ ತಣ್ಣೀರು ಸುರಿಯಬಾರದು. ಹೆಡ್ ಸೀಳು ಬಿಡಬಹುದು. ಕೈಯಿಟ್ಟರೆ ಸುಡದಷ್ಟು ತಣಿಯುವವರೆಗೆ, ಗಂಟೆಯಾದರೂ ಸರಿ, ಕಾಯಬೇಕು.

ಗ್ಯಾರೇಜಿನಲ್ಲಿ ಕೇಳಬೇಕಾದ್ದು

ಮೆಕ್ಯಾನಿಕ್ ಹತ್ತಿರ ಹೋದಾಗ ಸುಮ್ಮನೆ ಬೆಂಚಿನ ಮೇಲೆ ಕೂರಬೇಡಿ. ಪಶುವೈದ್ಯರಿಗೆ ಹಸು ಯಾವತ್ತಿಂದ ಮೇವು ಬಿಟ್ಟಿತು ಎಂದು ಹೇಳುವ ಹಾಗೆ, ಎಷ್ಟು ದಿನಕ್ಕೆ ಎಷ್ಟು ನೀರು ಇಳಿಯಿತು ಎಂದು ಹೇಳಿ. ಒಳ್ಳೆಯ ಮೆಕ್ಯಾನಿಕ್‌ಗೆ ಇದರಿಂದ ಅರ್ಧ ಕೆಲಸ ಹಗುರ.

ಸೋರಿಕೆ ಹುಡುಕಲು ರೇಡಿಯೇಟರಿಗೆ ಕೈಪಂಪು ಜೋಡಿಸಿ ಒತ್ತಡ ಕೊಟ್ಟು ನೋಡುವ ಸಾಧನವಿದೆ. ಗ್ಯಾಸ್ಕೆಟ್ ಹೋಗಿದೆಯೇ ಎಂದು ತಿಳಿಯಲು ಒಂದು ನೀಲಿ ದ್ರವದ ಪರೀಕ್ಷೆ ಇದೆ. ಸುಟ್ಟ ಹೊಗೆ ಕೂಲೆಂಟಿಗೆ ಸೇರುತ್ತಿದ್ದರೆ ಅದು ಹಳದಿಗೆ ತಿರುಗುತ್ತದೆ. ಕೆಚ್ಚಲು ಬಾವಿಗೆ ನಾವು ಮಾಡಿಸುವ ಪರೀಕ್ಷೆ ಇದ್ದಂತೆಯೇ. ಬಿಚ್ಚುವ ಮೊದಲು ಇವನ್ನು ಮಾಡಿಸಲು ಕೇಳಿ.

ಒಂದು ಬಿಲ್ಲೆ ತುಕ್ಕು ತಿಂದಿದ್ದರೆ ಉಳಿದವಕ್ಕೂ ಅದೇ ವಯಸ್ಸು. ಎಲ್ಲವನ್ನೂ ನೋಡಿಸಿ. ತೂತಿನ ಮೇಲೆ ಅಂಟು ಮೆತ್ತಿ ಕಳಿಸುವುದಕ್ಕೆ ಒಪ್ಪಬೇಡಿ. ಹಳೆಯ ಬಿಲ್ಲೆ ತೆಗೆದು, ಕೂರುವ ಜಾಗ ಸ್ವಚ್ಛ ಮಾಡಿ, ಅದೇ ಅಳತೆಯ ಹೊಸದನ್ನು ನೇರವಾಗಿ ಬಡಿದು ಕೂರಿಸಬೇಕು.

ಹೆಡ್ ಬಿಚ್ಚಲೇಬೇಕಾದರೆ ಅದು ಸಮವಾಗಿದೆಯೇ ಎಂದು ಪಟ್ಟಿ ಇಟ್ಟು ಅಳೆಯಬೇಕು, ಬಾಗಿದ್ದರೆ ಲೇತಿನಲ್ಲಿ ಫೇಸಿಂಗ್ ಮಾಡಿಸಬೇಕು, ಸೀಳಿದೆಯೇ ಎಂದು ನೋಡಬೇಕು. ಹೊಸ ಗ್ಯಾಸ್ಕೆಟ್ಟೇ ಹಾಕಬೇಕು. ಅನೇಕ ಇಂಜಿನ್‌ಗಳಲ್ಲಿ ಹೆಡ್ ಬೋಲ್ಟುಗಳೂ ಒಂದೇ ಸಲದ ಬಳಕೆಯವು. ಬೋಲ್ಟುಗಳನ್ನು ಅಂದಾಜಿಗೆ ಬಿಗಿಯದೆ ಟಾರ್ಕ್ ರೆಂಚಿನಿಂದ, ಕೈಪಿಡಿಯಲ್ಲಿ ಹೇಳಿದ ಕ್ರಮದಲ್ಲಿ ಬಿಗಿಯಬೇಕು. ಇಷ್ಟನ್ನು ಕೇಳಿದರೆ ಒಳ್ಳೆಯವರು ಬೇಸರ ಮಾಡಿಕೊಳ್ಳುವುದಿಲ್ಲ.

ಎರಡು ಅಡ್ಡದಾರಿಗಳ ಬಗ್ಗೆ ಎಚ್ಚರ. ಒಂದು, ರೇಡಿಯೇಟರಿಗೆ ಅರಿಶಿನ ಪುಡಿ ಸುರಿಯುವುದು. ಸಣ್ಣ ಸೋರಿಕೆ ಅದರಿಂದ ಸ್ವಲ್ಪ ದಿನ ನಿಲ್ಲಬಹುದು. ಆದರೆ ತೂತು ಮುಚ್ಚುವ ಪುಡಿ ಸಣ್ಣ ಕೊಳವೆಗಳನ್ನೂ ಮುಚ್ಚುತ್ತದೆ. ಅರಿಶಿನ ಸಾರಿಗೆ ಒಳ್ಳೆಯದು, ರೇಡಿಯೇಟರಿಗೆ ಬೇಡ. ಇನ್ನೊಂದು, "ಥರ್ಮೋಸ್ಟಾಟ್ ತೆಗೆದುಬಿಡೋಣ, ಹೀಟ್ ಆಗಲ್ಲ" ಎಂಬ ಸಲಹೆ. ಇಂಜಿನ್ ಬೇಗ ಸರಿಯಾದ ಬಿಸಿಗೆ ಬಂದು ಅಲ್ಲೇ ನಿಲ್ಲುವಂತೆ ಮಾಡುವ ಭಾಗ ಅದು. ಕೆಟ್ಟಿದ್ದರೆ ಹೊಸದು ಹಾಕಿಸಿ. ತೆಗೆದು ಬಿಸಾಡಿದರೆ ಇಂಧನವೂ ಹೆಚ್ಚು, ಸವೆತವೂ ಹೆಚ್ಚು, ಬಿಸಿಯ ಮೂಲ ಕಾರಣ ಮಾತ್ರ ಹಾಗೇ ಉಳಿಯುತ್ತದೆ.

ಇದೂ ನಮ್ಮ ತಲೆಗೇ ಏಕೆ?

ಸಂಘದಲ್ಲಿ ಇದನ್ನು ಹೇಳಿದಾಗ ಒಬ್ಬ ಹಿರಿಯ ಅಕ್ಕ ಕೇಳಿದರು: "ನಾಲ್ಕು ಗಂಟೆಗೆ ಎದ್ದು ಕೊಟ್ಟಿಗೆ, ಅಡುಗೆ, ಹೊಲ, ಮಕ್ಕಳು. ಈಗ ಕಾರಿನ ಚಾಕರಿಯೂ ನಮ್ಮದೇನಮ್ಮಾ?" ನ್ಯಾಯವಾದ ಪ್ರಶ್ನೆ. ಗಾಡಿ ಓಡಿಸುವವರ ಜವಾಬ್ದಾರಿಯನ್ನು ನಾವು ಹೊರಬೇಕು ಎಂದು ನಾನು ಹೇಳುತ್ತಿಲ್ಲ. ಓಡಿಸುವವರು ನೋಡಲೇಬೇಕು. ಆದರೆ ಹಾಲಿನ ಬಿಲ್ಲಿನಿಂದ ಕಂತು ಕಟ್ಟುವವಳಿಗೆ ಆ ಗಾಡಿಯ ಸ್ಥಿತಿ ತಿಳಿಯುವ ಹಕ್ಕೂ ಇದೆ. ಫ್ಯಾಟ್, ಎಸ್‌ಎನ್‌ಎಫ್ ಅಂಕಿ ತಪ್ಪಿದೆ ಎಂದು ಡೇರಿಯಲ್ಲಿ ಚೀಟಿ ಹಿಡಿದು ಪ್ರಶ್ನಿಸುವ ನಾವು, ನಮ್ಮದೇ ದುಡ್ಡಿನ ಕಾರಿನ ಮುಂದೆ ಏಕೆ ಬಾಯಿ ಮುಚ್ಚಿಕೊಳ್ಳಬೇಕು?

ಮೊದಲು ಹಾಲಿನ ಪರೀಕ್ಷೆಯೂ ನಮಗೆ ತಿಳಿಯದ ವಿದ್ಯೆ ಎನ್ನುತ್ತಿದ್ದರು. ಇವತ್ತು ಎಷ್ಟೋ ಮಹಿಳಾ ಸಂಘಗಳಲ್ಲಿ ಹಾಲು ಪರೀಕ್ಷಿಸುವವರು, ಲೆಕ್ಕ ಬರೆಯುವವರು, ಕಂಪ್ಯೂಟರ್ ನೋಡುವವರು ನಮ್ಮ ಹೆಣ್ಣುಮಕ್ಕಳೇ. ತಿಳಿಯದ್ದು ಎಂದರೆ ಯಾರೂ ಹೇಳಿಕೊಡದ್ದು ಎಂದಷ್ಟೇ ಅರ್ಥ.

ಆದ್ದರಿಂದ ಒಕ್ಕೂಟಕ್ಕೂ ನನ್ನದೊಂದು ಕೋರಿಕೆ. ಶುದ್ಧ ಹಾಲು ಉತ್ಪಾದನೆಯ ತರಬೇತಿಗೆ ನಮ್ಮನ್ನು ಕರೆದಾಗ, ಅದರ ಜೊತೆ ಅರ್ಧ ದಿನ ವಾಹನದ ಆರೈಕೆಯನ್ನೂ ಸೇರಿಸಲಿ. ಹಾಲು ಸಾಗಿಸುವ ಗಾಡಿಗಳನ್ನು ನೋಡಿಕೊಳ್ಳುವ ಅನುಭವಿಗಳು ಒಕ್ಕೂಟದಲ್ಲೇ ಇರುತ್ತಾರೆ. ಒಂದು ಬಾನೆಟ್ ತೆಗೆದು ಇದು ಡಬ್ಬಿ, ಇದು ಮುಚ್ಚಳ, ಇಲ್ಲಿ ಬಿಲ್ಲೆ ಎಂದು ಕೈಯಿಟ್ಟು ತೋರಿಸಿದರೆ ಸಾಕು. ಕಾರಿಲ್ಲದವರಿಗೂ ಇದು ಬೇಕಾಗುತ್ತದೆ. ಊರಿನ ಹಾಲು ಹೊರುವ ಗಾಡಿಗೂ, ಕರೆಂಟ್ ಹೋದಾಗ ಬಲ್ಕ್ ಕೂಲರ್ ನಡೆಸುವ ಜನರೇಟರಿಗೂ ಇಂಜಿನ್ ಇದೆ. ನೀರಿನಿಂದ ತಂಪಾಗುವ ಇಂಜಿನ್ ಎಲ್ಲಿದ್ದರೂ ಹೆಡ್ ಗ್ಯಾಸ್ಕೆಟ್ಟಿನ ಕಥೆ ಇದೇ. ಬೇಸಿಗೆಯ ಮಧ್ಯಾಹ್ನ ಜನರೇಟರ್ ಕೈಕೊಟ್ಟರೆ ಕೆಡುವುದು ಇಡೀ ಊರಿನ ಹಾಲು.

ಕಳೆದ ತಿಂಗಳು ಮತ್ತೆ ಅದೇ ದಾರಿಯಲ್ಲಿ ಚಿತ್ತೂರಿನಿಂದ ಮದುವೆ ಮುಗಿಸಿ ಬರುತ್ತಿದ್ದೆವು. ಘಾಟ್ ಶುರುವಾಗುವ ಮೊದಲೇ ಮೈದುನ ಎ.ಸಿ. ಆರಿಸಿ, ಕನ್ನಡಿಯಲ್ಲಿ ನನ್ನ ಕಡೆ ನೋಡಿ, "ಅತ್ತಿಗೆ, ಸೂಜಿ ಮೇಲೆ ಒಂದು ಕಣ್ಣಿಡಿ" ಎಂದ. ಸೂಜಿ ಮಧ್ಯದಲ್ಲೇ ಇತ್ತು. ಪಲಮನೇರಿನಲ್ಲಿ ಟೀ ಕುಡಿದು, ಸಂಜೆ ಹಾಲಿನ ಹೊತ್ತಿಗೆ ಊರು ಸೇರಿದೆವು.

ಈ ಭಾನುವಾರ ನೀವೂ ಬಾನೆಟ್ ತೆಗೆದು ನೋಡಿ. ಇಂಜಿನ್ ತಣ್ಣಗಿರಲಿ.

— ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದ ಸದಸ್ಯೆ, ಮುಳಬಾಗಿಲು ತಾಲ್ಲೂಕು